ಗಾಣಿಗಿತ್ತಿಯ ಸೊಸೆ

ಮಾಘ ಶುದ್ಧ ದಶಮಿ. ಬೆಳಗಿನ ಮಂಜು ಕರಗಿ ಎಳೆಬಿಸಿಲು ಬಿದ್ದಿತ್ತು. ಯುದ್ಧದಲ್ಲಿ ಮಡಿದ ಹುಡುಗನೊಬ್ಬನಿಗೆ ಪಕ್ಕದ ಊರಿನವರು ಕಲ್ಲು ನಿಲ್ಲಿಸಿದ್ದನ್ನು ನೋಡಿಕೊಂಡು ಶಿಷ್ಯ ಗದಿಗಯ್ಯ ಮಠಕ್ಕೆ ಮರಳಿದ. ಬಂದವನೇ ಕೇಳಿದ: "ಮಗನನ್ನೇ ಕೊಟ್ಟ ತಾಯಿಯ ಹತ್ತಿರ ಕೊಡುವುದಕ್ಕೆ ಇನ್ನೇನು ಉಳಿದಿರುತ್ತದೆ, ಗುರುಗಳೇ?"

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗಿತ್ತಿ ಇದ್ದಳು. ಗಂಡನಿಲ್ಲದವಳು. ಒಬ್ಬನೇ ಮಗ, ಬಾಳಪ್ಪ. ಮದುವೆಯಾದ ತಿಂಗಳಿಗೆ ಅವನು ದಂಡಿಗೆ ಹೋದ. ಸುಗ್ಗಿಯ ಹೊತ್ತಿಗೆ ಸತ್ತ ಸುದ್ದಿ ಬಂತು. ಊರವರು ಅಗಸೆಬಾಗಿಲ ಮುಂದೆ ಅವನ ಕಲ್ಲು ನಿಲ್ಲಿಸಿದರು.

ಮನೆಯಲ್ಲಿ ಉಳಿದವರು ಅತ್ತೆ, ಸೊಸೆ. ಇಬ್ಬರೂ ಎತ್ತು ಕಟ್ಟಿ ಕುಸುಬೆ ಅರೆಯುತ್ತಿದ್ದರು. ಗಾಣ ತಿರುಗುವಷ್ಟು ಹೊತ್ತೂ ಅತ್ತೆ ಮಗನ ಬಾಲ್ಯ ಹೇಳುತ್ತಿದ್ದಳು. ಗಾಣದ ಹಲಗೆಯ ಮೇಲೆ ಮಲಗಿಸಿದರೇ ಅವನಿಗೆ ನಿದ್ದೆ. ಎತ್ತು ನಿಂತರೆ ಸಾಕು, ಎದ್ದು ಊರು ಕೇಳುವ ಹಾಗೆ ಅಳುತ್ತಿದ್ದ. ಎಣ್ಣೆ ಕೊಟ್ಟು ಬಾ ಎಂದರೆ ದಾರಿಯಲ್ಲಿ ಅರ್ಧ ತಲೆಗೆ ಸುರಿದುಕೊಂಡು ಬರುತ್ತಿದ್ದ. ಬೆಳೆದ ಮೇಲೂ ಹಲ್ಲಿ ಕಂಡರೆ ಅವ್ವನ ಸೆರಗು ಹಿಡಿಯುತ್ತಿದ್ದ.

ಸೊಸೆ ಕೇಳಿ ಕೇಳಿ ನಗುತ್ತಿದ್ದಳು. ಒಂದು ತಿಂಗಳು ಕಂಡ ಗಂಡ ಹೀಗೆ ಅವಳ ಪಾಲಿಗೆ ದಿನದಿನವೂ ಬೆಳೆಯುತ್ತ ಹೋದ.

ಅವರ ಕುಲದಲ್ಲಿ ಸೀರುಡಿಕೆ ಇತ್ತು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ತಂದು ಉಡಿಸಿ, ಹೆಂಡತಿಯಾಗಿ ಕರೆದೊಯ್ಯಬಹುದಿತ್ತು. ನೆರೆಯೂರಿನ ಬಂಡಿಕಾರನೊಬ್ಬ ಸೊಸೆಯನ್ನು ಕೇಳಿ ಕಳಿಸಿದ. ಒಳ್ಳೆಯವನು, ದುಡಿಯುವವನು.

ಸೊಸೆ ನಕ್ಕುಬಿಟ್ಟಳು. "ಹಲ್ಲಿಗೆ ಹೆದರೋರು ದಂಡಿಗೆ ಹೋದ್ರು. ಅಂಥವರ ಹೆಂಡತಿ ನಾ. ನನಗ್ಯಾಕ ಮತ್ತೊಂದು ಸೀರಿ?"

ಅತ್ತೆಗೆ ಒಳಗೊಳಗೇ ಹಿಗ್ಗಾಯಿತು. ಮಗನನ್ನು ನೆನೆಯುವುದಕ್ಕೆ ತನ್ನ ಹಿಂದೆ ಒಬ್ಬಳು ಇರುತ್ತಾಳೆ ಅಂದುಕೊಂಡಳು.

ಒಂದು ದಿನ ಎಣ್ಣೆಗೆ ಬಂದ ಹೆಂಗಸರಿಗೆ ಸೊಸೆಯೇ ಹಲ್ಲಿಯ ಕತೆ ಹೇಳುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. ಸೊಂಟಕ್ಕೆ ಕೈ ಕೊಟ್ಟು ನಿಂತದ್ದು ತನ್ನ ಹಾಗೆಯೇ. ನಡುವೆ ಬಿಟ್ಟ ನಿಟ್ಟುಸಿರೂ ತನ್ನದೇ. ಇಪ್ಪತ್ತು ತುಂಬದ ಹುಡುಗಿಯೊಳಗೆ ಒಬ್ಬ ಮುದುಕಿ ಬಂದು ಕೂತಿದ್ದಳು.

ಆ ದಿನ ಗಾಣಿಗಿತ್ತಿ ಊಟ ಮಾಡಲಿಲ್ಲ. ಮರುದಿನ ಗಾಣದ ಮುಂದೆ ಸೊಸೆಯನ್ನು ಕೂರಿಸಿಕೊಂಡಳು.

"ನಿನಗೊಂದು ಮಾತು ಹೇಳಿರಲಿಲ್ಲ. ಅವನಿಗೆ ನೀ ಬೇಕಾಗಿರಲಿಲ್ಲ. ದೂರದೂರಿನ ಒಬ್ಬಾಕಿ ಮ್ಯಾಲೆ ಮನಸಿತ್ತು. ನಾ ಹಟ ಹಿಡಿದು ನಿನ್ನ ಸೊಸಿ ಮಾಡ್ಕೊಂಡೆ. ಅದಕ್ಕೇ ಅವ ದಂಡಿಗೆ ಹೋಗಿದ್ದು."

ಸೊಸೆ ಕೇಳಿದಳು: "ಮತ್ತ, ಒಂದು ತಿಂಗಳು ನನ್ನ ಸಂಗಾಟ ನಕ್ಕೋತ ಇದ್ರಲ್ಲ, ಅತ್ತಿ?"

"ನನ್ನ ಅಂಜಿಕಿಗೆ ನಕ್ಕಾನ."

ಮುಂದಿನ ವಾರವೇ ಬಂಡಿಕಾರ ಸೀರೆ ತಂದ. ಸೊಸೆ ಉಟ್ಟು ಹೊರಟಳು. ಅಗಸೆಯ ಕಲ್ಲಿನ ಮುಂದೆ ಬಂಡಿ ಹಾಯುವಾಗ ಅವಳು ಮುಖ ತಿರುವಿದ್ದನ್ನು ಗಾಣಿಗಿತ್ತಿ ನೋಡಿದಳು.

ಅವಳ ಬಾಳು ಚೆನ್ನಾಯಿತು. ಮಕ್ಕಳಾದರು. ಗಾಣಿಗಿತ್ತಿ ಆಗಾಗ ಎಣ್ಣೆ ತೆಗೆದುಕೊಂಡು ನೋಡಲು ಹೋಗುತ್ತಿದ್ದಳು. ಸೊಸೆ ಕಾಲಿಗೆ ನೀರು ಕೊಟ್ಟು, ರೊಟ್ಟಿ ಬಡಿದು, ಪ್ರೀತಿಯಿಂದಲೇ ಉಣಬಡಿಸುತ್ತಿದ್ದಳು. ಒಮ್ಮೆ ಮಾತ್ರ, ಅಂಗಳದಲ್ಲಿ ಮಕ್ಕಳು ಹಲ್ಲಿ ಕಂಡು ಚೀರಿದಾಗ, ಮುದುಕಿಯ ಬಾಯಿಂದ "ನಮ್ಮ ಬಾಳಪ್ಪನೂ ಹಿಂಗ..." ಎಂದು ಬಂದುಬಿಟ್ಟಿತು. ಸೊಸೆ ಎದ್ದು ಒಳಗೆ ಹೋದಳು. ಅಂದಿನಿಂದ ಮುದುಕಿ ಆ ಹೆಸರು ಎತ್ತಲಿಲ್ಲ.

ಗುರುಗಳು ನಿಲ್ಲಿಸಿದರು. ಗದಿಗಯ್ಯನ ಮುಖ ಬಿಗಿದಿತ್ತು.

"ಮನೆಯಲ್ಲಿ ಹೆಂಡತಿಯನ್ನು ಇಟ್ಟುಕೊಂಡು ಮನಸ್ಸು ಇನ್ನೊಬ್ಬಳ ಮೇಲೆ! ಅಂಥವನಿಗೆ ಊರವರು ಕಲ್ಲು ಬೇರೆ ನಿಲ್ಲಿಸಿದರೇ?"

ಗುರುಗಳು ಹೇಳಿದರು: "ದೂರದೂರಿನ ಆ ಹುಡುಗಿ ಯಾವ ಊರಿನಲ್ಲೂ ಇರಲಿಲ್ಲ, ಗದಿಗಯ್ಯ."