ಚಳಿರಕ್ಕಸನ ಈಳಿಗೆಮಣೆ

“ಕೇಳಿರಪ್ಪಾ ಕೇಳಿ! ಅರಸುಕುವರಿ ಚಂದಲದೇವಿಯ ಮೈಹೊಕ್ಕ ಚಳಿರಕ್ಕಸ ಮೂರು ಒಗಟು ಒಡ್ಡಿದ್ದಾನೆ. ಮೂರನ್ನೂ ಬಿಡಿಸಿದರೆ ಅವನನ್ನು ಕೊಲ್ಲುವ ಗುಟ್ಟು ಸಿಗುತ್ತದೆ. ತಪ್ಪಿದವರ ಮೈಗೂ ಅವನು ಹತ್ತುತ್ತಾನೆ. ಗೆದ್ದವರಿಗೆ ಕೇಳಿದ್ದು ಇನಾಮು!” ಎಂದು ಹಿರೇಹೊಳೆ ಪಟ್ಟಣದ ಬೀದಿಬೀದಿಯಲ್ಲಿ ಡಂಗುರ ಸಾರಿದರು.

ಅರಮನೆಯ ಕತ್ತಿಗಳಿಗೆ ಸಾಣೆ ಹಿಡಿಯಲು ಬಂದಿದ್ದ ಗುಡ್ಡಪ್ಪ ಸಾಣೆಕಲ್ಲನ್ನು ಅಲ್ಲೇ ಬಿಟ್ಟು ಅರಸರ ಸಭೆಗೆ ಓಡಿದ. ಅವನ ಅಕ್ಕ ಹೋದ ತಿಂಗಳು ಇದೇ ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಇನ್ನೊಬ್ಬ ಹೆಣ್ಣುಮಗಳು ಹಾಗೆ ಸಾಯುವುದನ್ನು ನೋಡಲು ಅವನಿಂದಾಗದು.

ಕುವರಿಯ ಬಾಯಿಂದ ರಕ್ಕಸ ಗುಡುಗಿದ: “ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ ಇವಳು ನಡುಗುವುದೇಕೆ?”

“ಗ್ರಹಚಾರ!” ಎಂದ ನೆರೆನಾಡಿನ ರಾಜಕುಮಾರ. ಎಂದವನೇ ಹಲ್ಲು ಕಟಕಟಿಸುತ್ತ ಬಿದ್ದ.

ಗುಡ್ಡಪ್ಪ ಮುಂದೆ ಬಂದ. “ಕಾಳಿನೊಳಗೆ ಹುಳ ಕೂತಂಗೆ ನೆತ್ತರಿನ ಕೆಂಪು ಕಾಳಲ್ಲಿ ಕೂತು ತಿಂತೀಯ. ತಿಂದು ಮುಗಿದಾಗ ಎಲ್ಲಾ ಕಾಳು ಒಟ್ಟಿಗೆ ಒಡೆದು ಈಚೆಗೆ ಬರ್ತೀಯ. ಆ ಹೊತ್ತಿಗೆ ಅಮ್ಮಣ್ಣಿಗೆ ಚಳಿ.”

“ಸರಿ! ಇವಳಜ್ಜನ ಕಾಲದಲ್ಲಿ ನನ್ನನ್ನು ಓಡಿಸಿದ ಕಹಿ ತೊಗಟೆ ಈಗ ನನಗೆ ಪಾಯಸ. ತೊಗಟೆ ಅದೇ. ಬದಲಾದದ್ದೇನು?”

“ಕಷಾಯ ತೆಳುವಾಗಿದೆ, ಇಮ್ಮಡಿ ಕುದಿಸಿ” ಎಂದ ರಾಜವೈದ್ಯರ ಶಿಷ್ಯ. ಪಾಪ, ಅವನಿಗೂ ಕಂಬಳಿ ಹೊದಿಸಿದರು.

“ಬದಲಾದವನು ನೀನೇ” ಎಂದ ಗುಡ್ಡಪ್ಪ. “ಹಳೇ ಹಿಡಿ ಹೊಸ ಕುಡುಗೋಲಿಗೆ ಕೂರೋದಿಲ್ಲ. ತೊಗಟೆಯ ಕಹಿ ಹೋಗಿ ಕೂರ್ತಿದ್ದ ನಿನ್ನ ಹತಾರದ ಆಕಾರ ಬೇರೆಯಾಗಿದೆ.”

ರಕ್ಕಸನ ದನಿ ಕುಗ್ಗಿತು. “ನನ್ನನ್ನು ಕೊಲ್ಲುವಷ್ಟು ವಿಷ ಕುಡಿಸಿದರೆ ಇವಳೂ ಸಾಯುತ್ತಾಳೆ. ಇವಳ ಕೂದಲೂ ಕೊಂಕದಂತೆ ನಾನು ಸಾಯುವುದು ಹೇಗೆ?”

ಆಗ ಗುಡ್ಡಪ್ಪನಿಗೆ ನೆನಪಾದದ್ದು, ಸಾಣೆಗೆಂದು ಈಳಿಗೆಮಣೆ ಒಯ್ದು ಮಧ್ಯಾಹ್ನದವರೆಗೂ ತಿರುಗಿಸಿ ಕೊಡದೆ ಒಬ್ಬ ಯಜಮಾನಿಯಿಂದ ಬೈಸಿಕೊಂಡದ್ದು!

“ಮನೇಲಿ ಕುಡುಗೋಲು ನಾಕಿರ್ತವೆ, ಈಳಿಗೆಮಣೆ ಒಂದೇ. ಅದನ್ನ ಇಸ್ಕೊಂಡ್ರೆ ಅಡುಗೆ ನಿಂತಂಗೆ. ನಿನ್ನ ಅಡುಗೆಮನೇಲೂ ಅಂಥದೊಂದು ಹತಾರ ಐತೆ, ಎರಡನೇದಿಲ್ಲ. ಮನುಷ್ಯರ ಮೈಯಲ್ಲಿ ಅಂಥದ್ದೇ ಇಲ್ಲ. ಅದನ್ನ ಮುರೀಬೇಕಾಗಿಲ್ಲ, ಮೊಂಡು ಮಾಡಿದ್ರೆ ಸಾಕು. ನೀನು ಹಸಿದು ಸಾಯ್ತೀಯ, ಅಮ್ಮಣ್ಣಿಗೆ ಏನೂ ಆಗಲ್ಲ!”

ರಕ್ಕಸ ಕಿರುಚಿದ. ರಾಜವೈದ್ಯರು ಕುಣಿದೇಬಿಟ್ಟರು. “ಕಿಣ್ವ! ನಾವು ಕಿಣ್ವ ಅನ್ನೋದು ಆ ಹತಾರಕ್ಕೇ!” ಕುವರಿಯ ನೆತ್ತರಿನ ಹನಿಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಪುಡಿ ಹಾಕಿ ನೋಡಿದರು. ನಲವತ್ತಮೂರನೆಯ ಪುಡಿಗೆ ರಕ್ಕಸನ ಈಳಿಗೆ ಮೊಂಡಾಯಿತು. ಅದನ್ನು ಕುಡಿಸಿದ ಮೂರನೆಯ ದಿನ ಕುವರಿ ಎದ್ದು ಕೂತು ಗಂಜಿ ಕೇಳಿದಳು. ಕಂಬಳಿ ಹೊದ್ದಿದ್ದವರೂ ಎದ್ದರು.

“ಏನು ಬೇಕೋ ಕೇಳಪ್ಪ” ಎಂದರು ಅರಸರು, ಕಣ್ಣೊರೆಸಿಕೊಳ್ಳುತ್ತ.

“ಒಂದು ಕೋಣೆ ಕೊಡಿ ಬುದ್ಧಿ. ನಾಳೆ ಅವನ ಕುಲದವನೊಬ್ಬ ಬಂದು ಈ ಈಳಿಗೇನೂ ಬದಲಾಯಿಸ್ತಾನೆ. ಅವನ ಅಡುಗೆಮನೇಲಿ ಇನ್ನೇನೇನೈತೆ ಅಂತ ಈಗಲೇ ಹುಡುಕಿಡಬೇಕು. ನಮ್ಮಕ್ಕನಿಗಂತೂ ತಡವಾಯ್ತು.”

“ನಾನೂ ಬರ್ತೀನಿ” ಎಂದಳು ಚಂದಲದೇವಿ. “ಅವನು ಅಡುಗೆ ಮಾಡಿದ್ದು ನನ್ನ ಮೈಯೊಳಗೇ ಅಲ್ಲವೇ?”

ಆ ಕೋಣೆಯಲ್ಲಿ ಅವರಿನ್ನೂ ಹುಡುಕುತ್ತಲೇ ಇದ್ದಾರಂತೆ. ಆಯುಷ್ಯವೆಲ್ಲ ಹರಿತ ಮಾಡುತ್ತಿದ್ದವನಿಗೆ ಊರವರಿಟ್ಟ ಹೆಸರು, ಮೊಂಡು ಮಾಡೋ ಗುಡ್ಡಪ್ಪ.