ನರಿವೈದ್ಯರ ಕೆಮ್ಮಣ್ಣು

ಒಂದು ಕಾಡಿನಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಪ್ರಾಣಿಗಳ ಕಾಲಿಗೆ ಕೆಸರುಹುಣ್ಣು ಬರುತ್ತಿತ್ತು. ಅವು ಕೆಲವು ದಿನ ಕುಂಟುತ್ತಿದ್ದವು, ಹುಣ್ಣು ನೆಕ್ಕಿಕೊಳ್ಳುತ್ತಿದ್ದವು, ಆಮೇಲೆ ಹೆಚ್ಚಿನವು ತಾವಾಗಿಯೇ ಗುಣವಾಗುತ್ತಿದ್ದವು. ಆ ವರ್ಷವೂ ಹಾಗೆಯೇ ಆಯಿತು. ನಡುವೆ ನರಿಯೊಂದು ವೈದ್ಯನಾಗಿತ್ತು, ಅಷ್ಟೇ.

ನರಿ ತನ್ನ ಗುಹೆಯ ಕೆಮ್ಮಣ್ಣು ಕಲಸಿ ಬಂದವರ ಕಾಲಿಗೆಲ್ಲ ಮೆತ್ತಿತು. ಗುಣವಾದವು ಕಾಡೆಲ್ಲ ಹೊಗಳಿಕೊಂಡು ತಿರುಗಿದವು. ಗುಣವಾಗದವಕ್ಕೆ ನರಿ, "ನಿಮಗೆ ನಂಬಿಕೆ ಸಾಲದು," ಎಂದಿತು. ಹುಣ್ಣು ಜೋರಾಗಿದ್ದ ಎರಡು ಮೊಲದ ಮರಿಗಳನ್ನು ಗುಹೆಯಲ್ಲೇ ಇಟ್ಟುಕೊಂಡಿತು. ಅವು ಹಿಂದಿರುಗಲಿಲ್ಲ.

"ಎಂಥಾ ಗುಣ ಅಂತೀರಿ, ಎದ್ದವೇ ಪಕ್ಕದ ಕಾಡಿಗೆ ಜಿಗಿದು ಹೋದವು," ಎಂದಿತು ನರಿ.

ಅವನ್ನೂ ಗುಣವಾದವರ ಲೆಕ್ಕಕ್ಕೆ ಸೇರಿಸಿದ್ದಾಯಿತು.

ಕೆಂಚಿ ಎಂಬ ತಾಯಿಜಿಂಕೆಯ ಮರಿಗೂ ಕಾಲು ಊದಿತು. ನರಿ ನೋಡಿ, ನಾಲಿಗೆಯಿಂದ ತುಟಿ ಸವರಿಕೊಂಡಿತು. "ಜೋರಾಗಿದೆಯಮ್ಮ. ಅಮಾವಾಸ್ಯೆಗೆ ಗುಹೆಗೆ ತಂದು ಬಿಡು. ನೀನು ಮಾತ್ರ ಬಾಗಿಲಲ್ಲಿ ನಿಲ್ಲಬೇಡ, ಮದ್ದು ಕೆಡುತ್ತೆ."

ಆಗಷ್ಟೇ ಉತ್ತರದಿಂದ ಹೆಬ್ಬಾತೊಂದು ಕೆರೆಗೆ ಬಂದಿಳಿದಿತ್ತು. ಎಷ್ಟೋ ಕೆರೆಗಳ ನೀರು ಕುಡಿದ ಹಕ್ಕಿ. ಕೆಂಚಿ ಅದರ ಹತ್ತಿರ ಹೋಗಿ ಗೋಳು ಹೇಳಿಕೊಂಡಿತು.

"ಬಿಡಲೋ ಬೇಡವೋ ತಿಳೀತಿಲ್ಲ ಬಾತಕ್ಕ. ಮಣ್ಣು ಹಚ್ಚಿಸಿಕೊಂಡವರು ಎಷ್ಟೊಂದು ಜನ ಗುಣವಾಗಿದ್ದಾರೆ."

"ಹಚ್ಚಿಸಿಕೊಳ್ಳದವರು?"

"ಅವರನ್ನ ಯಾರು ಕೇಳ್ತಾರೆ?"

"ಹೋದ ಕೆರೆಯಲ್ಲೆಲ್ಲ ಇದೇ ಉತ್ತರ," ಎಂದಿತು ಹೆಬ್ಬಾತು. "ಮಣ್ಣಿನಲ್ಲಿ ಏನೂ ಇಲ್ಲ ಅಂತಲೇ ಮೊದಲು ಇಟ್ಟುಕೊಳ್ಳೋಣ. ಇದೆ ಅಂತ ತೋರಿಸೋದು ಮಣ್ಣಿನ ಕೆಲಸ."

ಹೆಬ್ಬಾತು ಹೇಳಿಕಳಿಸಿದಂತೆ ಹೊಸದಾಗಿ ಹುಣ್ಣಾದ ಇಪ್ಪತ್ತು ಪ್ರಾಣಿಗಳು ಕೆರೆದಂಡೆಗೆ ಬಂದವು. ದಂಡೆಯ ಮರದಲ್ಲಿದ್ದ ಮುಸಿಯ ಎಂಬ ಕೋತಿ ಕಣ್ಣು ಮುಚ್ಚಿಕೊಂಡು, ಮರದ ಪೊಟರೆಯಿಂದ ಒಂದೊಂದಕ್ಕೂ ಒಂದೊಂದು ಕಲ್ಲು ತೆಗೆದು ಕೊಟ್ಟಿತು. ಹತ್ತು ಕರಿಕಲ್ಲು, ಹತ್ತು ಬಿಳಿಕಲ್ಲು. ಹೆಬ್ಬಾತು ಬಂಡೆಯ ಹಿಂದೆ ಒಬ್ಬೊಬ್ಬರನ್ನೇ ಕರೆದು, ಕರಿಕಲ್ಲಿನವಕ್ಕೆ ನರಿಯಿಂದ ತರಿಸಿದ ಗುಹೆಯ ಮಣ್ಣು ಹಚ್ಚಿತು, ಬಿಳಿಕಲ್ಲಿನವಕ್ಕೆ ಕೆರೆದಂಡೆಯ ಬರೀ ಮಣ್ಣು. ಎರಡೂ ಕೆಂಪೇ. ಯಾರಿಗೆ ಯಾವುದೆಂದು ಅದು ಬಾಯಿ ಬಿಡಲಿಲ್ಲ. ಕೆರೆಯ ಮೊಸಳೆ ಅರೆಗಣ್ಣಿನಲ್ಲಿ ಎಲ್ಲ ನೋಡುತ್ತಾ ಬಿದ್ದಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಮುಸಿಯ ಎಲ್ಲರ ಕಾಲನ್ನೂ ಪರೀಕ್ಷಿಸಿತು. ಆಮೇಲೆ ಹೆಬ್ಬಾತು ಗುಟ್ಟು ಬಿಚ್ಚಿತು. ಗುಹೆಯ ಮಣ್ಣಿನವರಲ್ಲಿ ಏಳು ಗುಣವಾಗಿದ್ದವು. ಬರೀ ಮಣ್ಣಿನವರಲ್ಲಿ ಆರು.

"ನೋಡಿದಿರಾ, ನನ್ನ ಕಡೆ ಒಂದು ಹೆಚ್ಚು," ಎಂದು ಫಲ ಕೇಳಲು ಬಂದಿದ್ದ ನರಿ ಬಾಲ ಕುಣಿಸಿತು.

ಹೆಬ್ಬಾತು ಮುಸಿಯನ ಕಡೆ ತಿರುಗಿತು. "ಎರಡೂ ಗುಂಪಿಗೆ ಬರೀ ಮಣ್ಣೇ ಹಚ್ಚಿದ್ದೆ ಅಂತಿಟ್ಟುಕೋ. ಒಂದರಲ್ಲಿ ಏಳು, ಒಂದರಲ್ಲಿ ಆರು ಗುಣವಾದರೆ ನಿನಗೆ ಆಶ್ಚರ್ಯ ಆಗ್ತಿತ್ತಾ?"

"ಇಲ್ಲಪ್ಪ. ಅಷ್ಟು ಹೆಚ್ಚುಕಮ್ಮಿ ಸುಮ್ಮನೆ ಆಗುತ್ತೆ."

"ಹಾಗಾದರೆ ಈಗ ಯಾಕೆ ಬೆರಗಾಗಬೇಕು? ಇವನ ಕಡೆ ಹತ್ತಕ್ಕೆ ಹತ್ತು, ಆ ಕಡೆ ಎರಡೋ ಮೂರೋ ಆಗಿದ್ದರೆ ನಾನೇ ಗುಹೆಗೆ ಹೋಗಿ ರೆಕ್ಕೆ ಮುಗಿಯುತ್ತಿದ್ದೆ."

ನರಿ ಗಂಟಲು ಸರಿಮಾಡಿಕೊಂಡಿತು. "ಒಟ್ಟಿಗೆ ನೋಡಬಾರದು ಬಾತಕ್ಕ, ಬಿಡಿಸಿ ನೋಡಬೇಕು. ಎಡಗಿವಿ ಮಡಿಚಿದ ಹೆಣ್ಣುಮೊಲಗಳನ್ನು ತಗೊಳ್ಳಿ. ನೂರಕ್ಕೆ ನೂರು ಗುಣ."

"ಅಂಥವು ಎಷ್ಟಿವೆ?"

"ಒಂದಿದೆ."

ಮುಸಿಯ ನಕ್ಕು ಕೊಂಬೆಯಿಂದ ಜಾರಿತು. ನರಿ ಬಿಡಲಿಲ್ಲ. "ಆಯಿತು, ನನ್ನ ಮಣ್ಣು ಕೆಲಸ ಮಾಡಲ್ಲ ಅಂತ ಸಾಬೀತಾಯಿತಾ? ಅದನ್ನ ಹೇಳಿ."

"ಇಲ್ಲ," ಎಂದಿತು ಹೆಬ್ಬಾತು. "ಕೆಲಸ ಮಾಡುತ್ತೆ ಅಂತ ಕಾಣಲಿಲ್ಲ, ಅಷ್ಟೇ."

"ಕೇಳಿಸಿಕೊಂಡೆಯಾ ಕೆಂಚಿ? ಬಾತಕ್ಕನೇ ಇಲ್ಲ ಅಂದಳು. ಮರಿ ಕೊಡು."

ಕೆಂಚಿ ಮರಿಯ ಊದಿದ ಕಾಲನ್ನು ನೋಡಿತು. ಆಮೇಲೆ ನರಿಯ ಬಾಯಿಯನ್ನು ನೋಡಿತು.

"ಮಣ್ಣು ಒಳ್ಳೆಯದಿದ್ದೂ ನಾನು ನಂಬದೆ ಹೋದರೆ ಮರಿ ಇನ್ನಷ್ಟು ದಿನ ಕುಂಟುತ್ತೆ. ಒಳ್ಳೆಯದಲ್ಲದಿದ್ದೂ ನಂಬಿದರೆ ಕುಂಟೋದಕ್ಕೆ ಮರಿಯೇ ಇರಲ್ಲ. ಎರಡೂ ತಪ್ಪೇ, ಆದರೆ ಒಂದೇ ಸಮ ಅಲ್ಲ. ಕುಂಟಲಿ ಬಿಡಿ ವೈದ್ಯರೇ."

ಮರಿ ಕುಂಟಿತು. ಆಮೇಲೊಂದು ದಿನ ಓಡಿತು.

ಅಲ್ಲಿಂದ ಗುಹೆಯ ಕಡೆ ಯಾರೂ ಸುಳಿಯಲಿಲ್ಲ. ಹಸಿದ ನರಿ ಏಡಿ ಹುಡುಕುತ್ತಾ ಕೆರೆಯ ಕೆಸರಿನಲ್ಲಿ ಅಲೆಯಿತು. ಅದರ ಕಾಲಿಗೇ ಕೆಸರುಹುಣ್ಣಾಯಿತು. ತನ್ನ ಮಣ್ಣನ್ನು ಮಾತ್ರ ಅದು ಹಚ್ಚಿಕೊಳ್ಳಲಿಲ್ಲ.

ಮೊಸಳೆ ನೀರಿನಿಂದ ಮೂತಿ ಎತ್ತಿತು. "ಪಾಪ, ಜೋರಾಗಿದೆ ವೈದ್ಯರೇ. ನನ್ನ ಮಡುವಿನಲ್ಲಿ ಒಳ್ಳೆ ಮಣ್ಣಿದೆ. ನಾಲ್ಕು ದಿನ ಬಂದು ಇರಿ."

"ಬಂದವರು ಗುಣವಾಗಿದ್ದಾರಾ?"

"ಎಲ್ಲರೂ. ಎಂಥಾ ಗುಣ ಅಂತೀರಿ, ಎದ್ದವರೇ ಪಕ್ಕದ ನದಿಗೆ ಈಜಿ ಹೋದರು."

ನರಿ ಮೂರು ಕಾಲಿನಲ್ಲೇ ದೌಡಾಯಿಸಿತು. ಮೊದಲು ಹತ್ತು ಜನಕ್ಕೆ ಬರೀ ಮಣ್ಣು ಹಚ್ಚಿ ತೋರಿಸು ಎಂದು ದೂರದಿಂದಲೇ ಕೂಗಿತು. ಪರೀಕ್ಷೆಯಾಗದ ಮದ್ದನ್ನು ಮೂಸಿಯೂ ನೋಡದ ಪ್ರಾಣಿ ಆ ಕಾಡಿನಲ್ಲಿ ಈಗ ಯಾವುದೆಂದರೆ, ಆ ನರಿಯೇ.

ನೀತಿ: ಮದ್ದಿನಿಂದ ಎಷ್ಟು ಮಂದಿ ಗುಣವಾದರೆಂದು ಕೇಳಿದರೆ ಸಾಲದು, ಮದ್ದಿಲ್ಲದೆ ಎಷ್ಟು ಮಂದಿ ಗುಣವಾದರೆಂದೂ ಕೇಳಬೇಕು. ಎರಡರ ನಡುವಿನ ಅಂತರ ಸುಮ್ಮನೆ ಆಗುವಷ್ಟೇ ಇದ್ದರೆ, ಮರಿಯನ್ನು ಗುಹೆಗೆ ಕಳಿಸಬಾರದು.