ಇಳಿಯದ ಪ್ರಯಾಣಿಕ

ಕೃಷ್ಣಾ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಒಂದು ಬೆಳಿಗ್ಗೆ ಅಲ್ಲಿನ ಅಜ್ಜನವರ ಹತ್ತಿರ ಶಿಷ್ಯ ದ್ಯಾಮಣ್ಣ ಓಡೋಡಿ ಬಂದ. ಕೂರು ಅಂದರೆ ಕೂರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಅಂಗಳದ ತುಂಬ ಓಡಾಡುತ್ತಲೇ ಮಾತಾಡಿದ.

ಅವನು ಐದಾರು ದೋಣಿಗಳ ಒಡೆಯ. ತೀರಿಹೋದ ಅಪ್ಪ ಕಟ್ಟಿದ ದೋಣಿಘಟ್ಟ ಅವನದು. ಅದನ್ನು ನಂಬಿ ಅಷ್ಟೇ ಮಂದಿ ಅಂಬಿಗರ ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಆದರೆ ಹೊಳೆಯ ಮೇಲ್ಗಡೆ ಹೊಸ ಸೇತುವೆ ಎದ್ದಿತ್ತು, ಬೈಕಿನವರು ಆಗಲೇ ಅದರ ಮೇಲೆ ಓಡಾಡತೊಡಗಿದ್ದರು.

ದ್ಯಾಮಣ್ಣ ಕೈಕಟ್ಟಿ ಕೂರುವ ಆಸಾಮಿಯಲ್ಲ. ಪಕ್ಕದ ಘಟ್ಟದ ಯಮನಪ್ಪ ದೋಣಿಗೆ ಇಂಜಿನ್ನು ಹಾಕಿಸಿದಾಗ ಇವನೂ ಹಾಕಿಸಿದ. ಅವನು ಮೊಬೈಲಿನಲ್ಲಿ ಟಿಕೆಟ್ಟು ಕೊಟ್ಟಾಗ ಇವನೂ ಕೊಟ್ಟ. ಅಂಬಿಗರು ಬೀಡಿ ಸೇದುವ ಹೊತ್ತನ್ನೂ ಬಿಡದೆ ಕತ್ತರಿಸಿದ. ಹುಲಿ ಬಣ್ಣ ನೋಡಿ ನರಿ ಮೈ ಸುಟ್ಟುಕೊಂಡಿತಂತೆ. ಇಲ್ಲಿ ಎರಡೂ ನರಿಗಳೇ, ಹುಲಿ ಎಲ್ಲಿತ್ತೋ ದೇವರೇ ಬಲ್ಲ.

ಈಗ ಯಮನಪ್ಪ ಬ್ಯಾಟರಿ ದೋಣಿ ತರಿಸುತ್ತಿದ್ದ. ದ್ಯಾಮಣ್ಣನಿಗೂ ಒಂದು ಬೇಕೋ ಬೇಡವೋ ಮಾರುವವನಿಗೆ ಸಂಜೆಯೊಳಗೆ ಹೇಳಬೇಕು. ಕೊಳ್ಳುವುದಾದರೆ ಹಳೆಯ ದೋಣಿಗಳನ್ನೆಲ್ಲ ಮಾರಬೇಕು. ಹೊಸದಕ್ಕೆ ಒಬ್ಬ ಅಂಬಿಗ ಸಾಕು, ಉಳಿದವರನ್ನು ಮನೆಗೆ ಕಳಿಸಬೇಕು. ಆ ಮಾತು ಹೇಳುವಾಗ ಅವನು ಅಜ್ಜನ ಮುಖ ನೋಡಲಿಲ್ಲ.

“ಮುಂದಿನ ದಾರಿ ಇದೊಂದ ಐತ್ರಿ ಅಜ್ಜಾರ. ಸೇತುವಿಗಿಂತ ಜೋರ ದಾಟಿಸಬೇಕು. ನೀವು ಹ್ಞೂಂ ಅನ್ರಿ.”

ಅಜ್ಜ ಒಂದು ಚೀಲ ಹಿಡಿದುಕೊಂಡು ಹೊಳೆಗೆ ಇಳಿದು ಬಂದು ದ್ಯಾಮಣ್ಣನ ದೋಣಿಯಲ್ಲಿ ಕೂತರು.

“ನಡಿ,” ಅಂದರು.

ಗುರುಗಳಿಗೆ ತನ್ನ ವೇಗ ತೋರಿಸುವ ಅವಕಾಶ. ದ್ಯಾಮಣ್ಣ ಇಂಜಿನ್ನು ಜೋರಾಗಿ ಬಿಟ್ಟ, ಕಣ್ಣುಮುಚ್ಚಿ ತೆಗೆಯುವುದರಲ್ಲಿ ಆಚೆ ದಂಡೆ ಮುಟ್ಟಿಸಿದ. ಅಜ್ಜ ಇಳಿಯಲಿಲ್ಲ.

“ನಡಿ.”

ಈಚೆ ದಂಡೆಗೆ ತಂದ. ಅಜ್ಜ ಇಲ್ಲೂ ಇಳಿಯಲಿಲ್ಲ. ವೇಗ ಸಾಲಲಿಲ್ಲವೇನೋ ಅಂದುಕೊಂಡ ದ್ಯಾಮಣ್ಣ ಭಾರದ ಹಲಗೆ ಎತ್ತಿ ದಂಡೆಗೆಸೆದ, ಹಗ್ಗ ಎಸೆದ, ತನ್ನ ಬುತ್ತಿಯನ್ನೂ ಎಸೆದ. ದೋಣಿ ಹಗುರಾಯಿತು, ಹಾರಿದಂತೆ ಹೋಯಿತು, ಹಾರಿದಂತೆ ಬಂತು. ಅಜ್ಜ ನೀರು ನೋಡುತ್ತ ಕೂತೇ ಇದ್ದರು.

ದಂಡೆಯಲ್ಲಿ ಕಾದಿದ್ದವರು ಪಕ್ಕದ ಘಟ್ಟಕ್ಕೆ ನಡೆದು ಯಮನಪ್ಪನ ದೋಣಿ ಹತ್ತಿಹೋದರು. ದೋಣಿ ಮಾರುವವನ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ದ್ಯಾಮಣ್ಣನಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಕಡೆಗೆ ನಡುಹೊಳೆಯಲ್ಲಿ ಇಂಜಿನ್ನು ಆರಿಸಿಬಿಟ್ಟ.

“ಅಜ್ಜಾರ, ನಿಮಗ ಹೋಗಬೇಕಾಗಿದ್ದು ಎಲ್ಲಿಗ್ರಿ?”

“ಈಗ ಕೇಳಿದಿ ನೋಡು.”

ದ್ಯಾಮಣ್ಣ ತಡವರಿಸಿದ. ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಅಪಶಕುನ, ಅಂಬಿಗರು ಅದನ್ನು ಕೇಳುವುದೇ ಇಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ ಅಂದ.

“ನಿಮ್ಮಪ್ಪನೂ ಎಲ್ಲಿಗಿ ಅಂತಿದ್ದಿಲ್ಲ. ‘ದೂರ ಹೊಂಟೀರೇನ್ರಿ’ ಅಂತಿದ್ದ. ಮಂದಿ ತಾವಾಗೇ ಎಲ್ಲಾ ಹೇಳತಿದ್ರು.”

ದ್ಯಾಮಣ್ಣನಿಗೆ ನಾಚಿಕೆಯಾಯಿತು. ಇಂಜಿನ್ನು ಬಂದ ಮೇಲೆ ಆ ಗದ್ದಲದಲ್ಲಿ ಯಾರ ಜೊತೆಗೂ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ.

ಅಜ್ಜ ಹೊಳೆ ಹರಿದುಹೋಗುವ ಕಡೆಗೆ ಕೈ ತೋರಿಸಿದರು. ಅಲ್ಲಿ ನಡುಗಡ್ಡೆಗಳಿದ್ದವು, ಅವುಗಳ ಮೇಲೆ ಮನೆಗಳಿದ್ದವು. ಅಲ್ಲಿಯ ಜನ ಹಾಲನ್ನೂ ಕಾಯಿಲೆಯವರನ್ನೂ ಎದೆಮಟ್ಟ ನೀರಿನಲ್ಲಿ ಹೊತ್ತು ತರುತ್ತಿದ್ದರು. ಚೀಲದಲ್ಲಿದ್ದ ಬಿತ್ತನೆಯ ಬೀಜವನ್ನು ಅಜ್ಜ ಅವರಿಗೆ ಮುಟ್ಟಿಸಬೇಕಿತ್ತು. ಈ ದೋಣಿಗಳೆಲ್ಲ ಹೊಳೆಗೆ ಅಡ್ಡ ಓಡುತ್ತವೆ, ಉದ್ದಕ್ಕೆ ಒಂದೂ ಬರುವುದಿಲ್ಲ ಅಂದರು ಅಜ್ಜ.

“ಅಲ್ಲಿ ನೀರಾಗ ಬರೇ ಕಲ್ಲುಬಂಡಿ ಅದಾವ್ರಿ,” ಅಂದ ದ್ಯಾಮಣ್ಣ. “ಇಂಜಿನ್ ನಡಿಯಂಗಿಲ್ಲ. ಬಿದಿರಿನ ಗಳ ಹಾಕಿ ಸಾವಕಾಶ ಹೋಗಬೇಕು. ಒಂದೊಂದು ದೋಣಿಗಿ ಒಬ್ಬೊಬ್ಬ ಅಂಬಿಗ ಬೇಕು...”

ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತು. ಫೋನು ಮತ್ತೆ ಬಡಿದುಕೊಂಡಿತು, ಅವನು ಎತ್ತಲಿಲ್ಲ. ತಿರುಗಿ ತನ್ನ ಘಟ್ಟ ನೋಡಿದ. ಯಮನಪ್ಪ ಆಗಲೇ ಅಲ್ಲಿಗೂ ದೋಣಿ ತಂದು ಜನರನ್ನು ಕೂಗುತ್ತಿದ್ದ. ದ್ಯಾಮಣ್ಣ ಅಜ್ಜನ ಕಡೆ ತಿರುಗಿದ.

“ಅಪ್ಪನ ಘಟ್ಟ ಬಿಟ್ಟುಕೊಟ್ರ, ಅಂವ ನನಗಂತ ಇಟ್ಟುಹೋಗಿದ್ದು ಏನ ಉಳೀತ್ರಿ ಅಜ್ಜಾರ?”

ಅಜ್ಜ ದೋಣಿಯ ತಳದಲ್ಲಿದ್ದ ಗಳ ಎತ್ತಿ ಅವನ ಕೈಗೆ ಕೊಟ್ಟರು.

“ಇಡೀ ಹೊಳಿ.”